ಶೆಲ್ಫಿನ ಮೇಲಿನ ಲೋಟ

ಊರಿನ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದ ಹೆಂಗಸು ಅವಳು. ಅಂಥವಳಿಗೆ ಸ್ವಂತ ಗಂಡನ ಬಾಯಿಂದ "ಟೀ" ಎನ್ನುವ ಒಂದೇ ಒಂದು ಅಕ್ಷರ ಹೊರಡಿಸಲು ಆಗುತ್ತಿಲ್ಲವೆಂದರೆ ತಲೆ ಕೆಡದೆ ಇನ್ನೇನಾಗುತ್ತದೆ ಹೇಳಿ.

ಡ್ರೈವಿಂಗ್ ಸ್ಕೂಲಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಬ್ರೇಕಮ್ಮ ಎನ್ನುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನ ಕೆಳಗೆ ಅವಳಿಗೆಂದೇ ಇನ್ನೊಂದು ಬ್ರೇಕ್ ಇತ್ತು. ಅದನ್ನು ಅವಳು ಒತ್ತಿದಳೆಂದರೆ ಸ್ಟೀರಿಂಗ್ ಹಿಡಿದವರ ಎದೆ ಧಸಕ್ಕೆನ್ನುತ್ತಿತ್ತು, ಏಕೆಂದರೆ ಬ್ರೇಕಿನ ಹಿಂದೆಯೇ ಮಂಗಳಾರತಿ ಬರುತ್ತಿತ್ತು. ಈ ಅಡ್ಡಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಆಯಿತು. ತನ್ನ ಕೈಯಲ್ಲಿ ಕಲಿತವರು ಪರೀಕ್ಷೆಯಲ್ಲಿ ಫೇಲಾಗುವುದಿಲ್ಲ, ಬೈಸಿಕೊಂಡು ಕಲಿತದ್ದು ಜನ್ಮದಲ್ಲಿ ಮರೆಯುವುದಿಲ್ಲ ಎಂದು ಅವಳು ನಂಬಿದ್ದಳು.

ಗಂಡ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಬೆಳಕು ಹರಿಯುವ ಹೊತ್ತಿಗೆ ಅವನು ಬಾಯಿ ತೆಗೆದರೆ ಮಾರುಕಟ್ಟೆಗೆ ಮೈಕು ಬೇಕಿರಲಿಲ್ಲ. ತನ್ನ ಗಂಟಲಿಗೇ ಮರುಳಾಗಿ ಅವಳು ಮದುವೆಗೆ ಒಪ್ಪಿದ್ದು ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಳ್ಳುತ್ತಿದ್ದ. ಅವಳು ಮೂಗು ಮುರಿಯುತ್ತಿದ್ದಳೇ ಹೊರತು ಸುಳ್ಳು ಎನ್ನುತ್ತಿರಲಿಲ್ಲ. ಮನೆಯಲ್ಲಿ ಮಾತಾಡುವ ಕೆಲಸ ಅವನದು, ತಿದ್ದುವ ಕೆಲಸ ಅವಳದು. ಇಬ್ಬರಿಗೂ ಅದು ಒಗ್ಗಿಹೋಗಿತ್ತು.

ಒಂದು ಬೆಳಿಗ್ಗೆ ಟೊಮೆಟೊ ಕ್ರೇಟುಗಳ ಪಕ್ಕ ನಿಂತು ಬೆಲೆ ಏರಿಸುತ್ತ ಹೋಗುತ್ತಿದ್ದವನು ನಡುವೆಯೇ ನಿಂತುಬಿಟ್ಟ. ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಇನ್ನೂ ಹೆಚ್ಚಿನ ಬೆಲೆಗೆ ಕಾಯುತ್ತಿದ್ದಾನೆ ಎಂದುಕೊಂಡು ಒಬ್ಬ ವ್ಯಾಪಾರಿ ಬೆಲೆ ಏರಿಸಿದ. ಅವನನ್ನು ನೋಡಿ ಇನ್ನೊಬ್ಬನೂ ಏರಿಸಿದ. ಇವನು ಕ್ರೇಟುಗಳ ಮೇಲೆ ಕುಸಿದ ಮೇಲೆಯೇ ಜನರಿಗೆ ಗೊತ್ತಾದದ್ದು.

ಆಸ್ಪತ್ರೆಯಿಂದ ಮನೆಗೆ ಬರುವಾಗ ಜೀವ ಉಳಿದಿತ್ತು, ಬಲಗೈ ಬಲಗಾಲು ಅರ್ಧಂಬರ್ಧ ಬಂದಿದ್ದವು. ಮಾತು ಮಾತ್ರ ಬಂದಿರಲಿಲ್ಲ. ಲಕ್ವ ಹೊಡೆದು ಮಿದುಳಿನಲ್ಲಿ ಪೆಟ್ಟು ಬಿದ್ದದ್ದು ಸರಿಯಾಗಿ ಮಾತಿನ ಜಾಗಕ್ಕೇ ಅಂತೆ. ಎದುರಿನವರು ಹೇಳಿದ್ದು ಅವನಿಗೆ ಅರ್ಥವಾಗುತ್ತದೆ, ತಾನು ಹೇಳಬೇಕಾದದ್ದೂ ಒಳಗಿದೆ, ಬಾಯಿಗೆ ಬರುವ ದಾರಿ ಮಾತ್ರ ಮುಚ್ಚಿಹೋಗಿದೆ ಎಂದು ಡಾಕ್ಟರು ಹೇಳಿದರು. ಮಾತು ಕಲಿಸಲು ಆಸ್ಪತ್ರೆಯವರು ಒಬ್ಬ ಹುಡುಗಿಯನ್ನು ಗೊತ್ತುಮಾಡಿಕೊಟ್ಟರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಅವಳಿಗೆ ಮನೆಯಲ್ಲಿದ್ದ ಅತ್ತೆ ಟೀಚರಮ್ಮ ಎಂದು ಹೆಸರಿಟ್ಟರು.

ಟೀಚರಮ್ಮ ಮೊದಲ ದಿನವೇ ಸುತ್ತಿಬಳಸದೆ ಹೇಳಿದಳು. "ಮೊದಲ ಕೆಲವು ತಿಂಗಳೇ ಮುಖ್ಯ ಮೇಡಂ. ಈಗ ಬಂದಷ್ಟು ಸುಲಭವಾಗಿ ಮಾತು ಆಮೇಲೆ ಬರಲ್ಲ. ಕೇಳದೇನೇ ಎಲ್ಲ ಸಿಕ್ಕಿಬಿಟ್ರೆ ಅವರು ಯಾಕೆ ಮಾತಾಡ್ತಾರೆ? ಬೇಕಾದ ವಸ್ತು ಕಣ್ಣಿಗೆ ಕಾಣೋ ಹಾಗೆ, ಕೈಗೆ ಸಿಗದ ಹಾಗೆ ಇಡಿ. ಬಾಯಿ ತೆಗೆದು ಪ್ರಯತ್ನ ಪಟ್ರೆ ಕೊಡಿ. ಒಂದು ಪದ ಸ್ಪಷ್ಟವಾಗಿ ಬಂತು ಅಂದ್ರೆ, ಆ ಪದ ಏನು ಕೇಳುತ್ತೋ ಅದನ್ನ ಆ ಕ್ಷಣಾನೇ ನಡೆಸಿಕೊಡಿ, ಮುಖ ಅರಳಿಸಿಕೊಂಡು. ತನ್ನ ಮಾತಿಗೆ ಬೆಲೆ ಇದೆ ಅಂತ ಅವರಿಗೆ ಗೊತ್ತಾಗಬೇಕು. ಸ್ವಲ್ಪ ಹೊತ್ತು ಕಾದು, ಬರದಿದ್ರೆ ಮೊದಲ ಸದ್ದು ನೀವೇ ಹೇಳಿಕೊಡಿ. ಆಗಲೂ ಬರದಿದ್ರೆ ಕೊನೆಗೆ ಕೊಟ್ಟುಬಿಡಿ."

ಬ್ರೇಕಮ್ಮ ಎಲ್ಲವನ್ನೂ ಮನಸ್ಸಿಟ್ಟು ಕೇಳಿದಳು, ಕೊನೆಯ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಕೊನೆಗೆ ಕೊಟ್ಟೇಬಿಡುವುದಾದರೆ ಕಾಯುವುದು ಯಾವ ಸಂಪತ್ತಿಗೆ? ಕಲಿಯುವವರು ತಿರುಗಿಸಲಿಲ್ಲವೆಂದು ಅವಳೇ ಕೈ ಹಾಕಿ ಸ್ಟೀರಿಂಗ್ ತಿರುಗಿಸುತ್ತ ಬಂದಿದ್ದರೆ, ಅವರೆಲ್ಲ ಇವತ್ತಿಗೂ ತಿರುವು ಬಂದಾಗ ಅವಳ ಕೈಗಾಗಿ ಕಾಯುತ್ತ ಕೂತಿರುತ್ತಿದ್ದರು. ಈ ಹುಡುಗಿಗೆ ಇನ್ನೂ ವಯಸ್ಸು ಸಾಲದು, ಕರುಣೆ ಜಾಸ್ತಿ ಎಂದುಕೊಂಡಳು.

ಹಾಲಿನಲ್ಲಿ ಗಂಡನ ಮಂಚದ ಎದುರಿಗೆ ಗೋಡೆಯಲ್ಲಿ ಒಂದು ಶೆಲ್ಫಿತ್ತು. ಅದರಲ್ಲಿದ್ದ ಹಳೇ ಪೇಪರು, ಪ್ಲಾಸ್ಟಿಕ್ ಹೂವಿನ ಕುಂಡ ಎಲ್ಲವನ್ನೂ ತೆಗೆದು ಖಾಲಿ ಮಾಡಿದಳು. ನೀರಿನ ಲೋಟ, ಚಹಾ, ಕನ್ನಡಕ, ಟೀವಿ ರಿಮೋಟು, ಎಲ್ಲ ಅಲ್ಲಿಗೆ ಹೋದವು. ಮಾತ್ರೆ ನುಂಗುವಾಗಿನ ನೀರಿಗಷ್ಟೇ ವಿನಾಯಿತಿ. ಅವನು ಕೈ ತೋರಿಸಿದರೆ ತಲೆ ಅಲ್ಲಾಡಿಸುವಳು. "ಕೈಯಲ್ಲಿ ಅಲ್ಲ ರೀ, ಬಾಯಲ್ಲಿ. ಟೀ ಅನ್ನಿ. ಟೀ." ಅವನು ತುಟಿ ಎಳೆದು, ನಾಲಿಗೆ ಎಲ್ಲಿಡಬೇಕೆಂದು ಹುಡುಕಿ, "ಆ... ಆ..." ಎನ್ನುವನು. "ಇನ್ನೊಂದು ಸಲ." ಮತ್ತೆ "ಆ." ಲೋಟದಲ್ಲಿ ಕೆನೆ ಕಟ್ಟುವುದು. ಆರಿದ ಚಹಾವನ್ನು ಅವಳು ಅಡುಗೆಮನೆಗೆ ಒಯ್ದು ಚೆಲ್ಲಿ, ಬಿಸಿಯದನ್ನು ತಂದು ಮತ್ತೆ ಅಲ್ಲಿಯೇ ಇಡುವಳು. ಸಿಂಕಿನ ಮುಂದೆ ನಿಂತು ಒಂದೆರಡು ಸಲ ನಲ್ಲಿ ಬಿಟ್ಟುಕೊಂಡು ಅತ್ತದ್ದೂ ಉಂಟು. ಹಾಲಿಗೆ ಬರುವ ಹೊತ್ತಿಗೆ ಮುಖ ಒರೆಸಿಕೊಂಡು ಮೇಷ್ಟ್ರಂತೆ ಬರುತ್ತಿದ್ದಳು. ಅವನ ಮಾತು ವಾಪಸು ತರಲೇಬೇಕು, ಅದಕ್ಕಾಗಿ ತಾನು ಕೆಟ್ಟವಳಾದರೂ ಸರಿ ಎಂದು ಗಟ್ಟಿಮಾಡಿಕೊಂಡಿದ್ದಳು.

ಅತ್ತೆಯದು ಬೇರೆಯೇ ಶಾಲೆ. ಇವಳು ಡ್ರೈವಿಂಗ್ ಸ್ಕೂಲಿಗೆ ಹೊರಟ ಕೂಡಲೇ ಮಗ ಎಡಗೈಯಲ್ಲಿ ಚಮಚ ಹಿಡಿದು ಮಂಚದ ಕಬ್ಬಿಣದ ಕಾಲಿಗೆ ಬಾರಿಸುವನು. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ನೀರು ತರುವರು. ಎರಡು ಸಲ ಬಾರಿಸಿದರೆ ನೀರು, ಬಾರಿಸುತ್ತಲೇ ಇದ್ದರೆ ಬಚ್ಚಲು, ಹೀಗೆ ತಾಯಿಮಗನ ನಡುವೆ ಒಂದು ಏರ್ಪಾಡೇ ಆಗಿಹೋಗಿತ್ತು.

"ಅತ್ತೆ, ನಾನು ಅವರಿಗೆ ಮಾತು ಕಲಿಸ್ತಾ ಇದ್ರೆ ನೀವು ಚಮಚ ಕಲಿಸ್ತಾ ಇದ್ದೀರಿ."

"ನನ್ನ ಮಗ ಬಾಯಾರಿ ಕೂತಿದ್ರೆ ನಾನು ಪಾಠ ಮಾಡ್ತಾ ಕೂತ್ಕೊಳ್ಳಲಾ?"

"ಅವರೇನೂ ಕಲೀತಿಲ್ಲ. ಅವರೇ ನಿಮ್ಮನ್ನ ಪಳಗಿಸಿದ್ದಾರೆ. ಟಣ್ ಅಂದ್ರೆ ಓಡಿ ಬರ್ತೀರಿ."

"ಬರ್ತೀನಿ. ಅವನು ಹುಟ್ಟಿದಾಗಿಂದ ಹಾಗೇ ಬರ್ತಿದೀನಿ. ಆಗ ಚಮಚಾನೂ ಇರಲಿಲ್ಲ, ಅಳು ಇತ್ತು. ಹಾಗೇ ಓಡಿ ಬಂದು ಸಾಕಿದವನೇ ಆಮೇಲೆ ಊರೆಲ್ಲ ಕೇಳೋ ಹಾಗೆ ಮಾತಾಡಿದ್ದು."

ಬ್ರೇಕಮ್ಮ ಚಮಚವನ್ನು ಎತ್ತಿಟ್ಟಳು. ಅವನು ಊರುಗೋಲು ಬಡಿದ. ಊರುಗೋಲನ್ನು ಮೂಲೆಗೆ ಒರಗಿಸಿದಳು. ಅವನು ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿದ. ಗೋಡೆಯನ್ನು ಎತ್ತಿಡುವುದು ಅವಳ ಕೈಲಾಗುವಂಥದ್ದಲ್ಲವಾದ್ದರಿಂದ ಆ ಜಗಳ ಅಲ್ಲಿಗೇ ನಿಂತಿತು.

ಹೀಗಿರುವಾಗ ಒಂದು ಮಧ್ಯಾಹ್ನ ಮಾತು ಬಂತು. ಶೆಲ್ಫಿನ ಮೇಲೆ ಚಹಾ ಇತ್ತು, ಎದುರಿಗೆ ಅವಳು ಕೈಕಟ್ಟಿ ಕೂತಿದ್ದಳು. ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಎದೆಯ ಆಳದಿಂದ ಆ ಹಳೆಯ ಹರಾಜಿನ ಗಂಟಲು ಎದ್ದುಬಂತು. "ದರಿದ್ರ." ಅಕ್ಷರ ಅಕ್ಷರವೂ ಸ್ಪಷ್ಟ. ಕಡಿಮೆ ಬೆಲೆ ಕೂಗುವ ವ್ಯಾಪಾರಿಗಳಿಗೆ ಅವನು ಮಾರುಕಟ್ಟೆಯಲ್ಲಿ ದಿನಾ ಕೊಡುತ್ತಿದ್ದ ಬಿರುದು ಅದು. ಬೈಗುಳ ತನಗೋ, ಚಹಾಕ್ಕೋ, ಅವನ ಹಣೆಬರಹಕ್ಕೋ ಎಂದು ಯೋಚಿಸುವಷ್ಟು ವ್ಯವಧಾನ ಅವಳಿಗೆಲ್ಲಿತ್ತು? ಕುಣಿದಾಡುತ್ತ ಹೋಗಿ ಲೋಟವನ್ನು ಅವನ ಕೈಗಿಟ್ಟಳು, ಜೊತೆಗೆ ಎರಡು ಬಿಸ್ಕತ್ತು. ಫೋನಿನಲ್ಲಿ ಟೀಚರಮ್ಮನೂ ಹಿಗ್ಗಿದಳು. "ಒತ್ತಕ್ಷರ ಸಮೇತ ಬಂತಾ ಮೇಡಂ? ಸಿಟ್ಟಲ್ಲಿ ಬರೋ ಮಾತು ಬೇಗ ಬರುತ್ತೆ, ಆದ್ರೂ ಮಾತು ಮಾತೇ."

ಎರಡೇ ದಿನದಲ್ಲಿ ಮನೆಯಲ್ಲಿ ಚಹಾಕ್ಕೆ ದರಿದ್ರ ಎಂದೇ ಹೆಸರಾಯಿತು. ಬೆಳಿಗ್ಗೆ ಕಣ್ಣುಬಿಟ್ಟರೆ ದರಿದ್ರ, ಸಂಜೆ ದರಿದ್ರ, ನೆಂಟರು ಬಂದರೆ ಅವರ ಲೆಕ್ಕದಲ್ಲಿ ಇನ್ನೊಂದು ದರಿದ್ರ. ಈಗ ಅವನ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ, ಬಲು ನಯವಾಗಿ, ನಗುನಗುತ್ತ ಕೇಳುತ್ತಿದ್ದ. ಅತ್ತೆ ಹಣೆ ಚಚ್ಚಿಕೊಂಡರು. ಮಾರುಕಟ್ಟೆಯಲ್ಲಿ ಅವನಿಗೆ ಕೆಲಸ ಕೊಟ್ಟಿದ್ದ ಮಂಡಿ ಮಾಲೀಕರು ಒಂದು ದಿನ ಸೇಬು ತೆಗೆದುಕೊಂಡು ನೋಡಲು ಬಂದರು. ಗುಣವಾದ ಮೇಲೆ ವಾಪಸು ಬಾ, ನಿನ್ನ ಜಾಗ ಹಾಗೇ ಇದೆ ಎಂದು ಅವನ ಭುಜ ತಟ್ಟಿದರು. ಇವನಿಗೆ ಕಣ್ಣು ತುಂಬಿ ಬಂತು. ದೊಡ್ಡವರಿಗೆ ಏನಾದರೂ ಕೊಡಬೇಕಲ್ಲ ಎಂದು ಅವರತ್ತ ಕೈಮಾಡಿ, ತುಂಬು ಪ್ರೀತಿಯಿಂದ, "ದರಿದ್ರ" ಎಂದ. ಮಾಲೀಕರು ಮುಖ ಇಷ್ಟು ಮಾಡಿಕೊಂಡು ಎದ್ದರು. ಬ್ರೇಕಮ್ಮ ಮೆಟ್ಟಿಲಿನವರೆಗೂ ಹಿಂದೆ ಹೋಗಿ, ಅದು ಬೈಗುಳ ಅಲ್ಲ, ಚಹಾ ಎಂದು ಬಿಡಿಸಿ ಹೇಳಿದಳು. ಅವರು ಅವಳನ್ನೂ ಒಂಥರಾ ನೋಡಿಕೊಂಡು ಇಳಿದುಹೋದರು.

"ನಿನ್ನ ಶಾಲೆಯ ಮೊದಲ ರ‍್ಯಾಂಕು," ಎಂದರು ಅತ್ತೆ.

ಬ್ರೇಕಮ್ಮನಿಗೆ ಅವಮಾನವಾಯಿತು. ಅವಮಾನವಾದರೆ ಅವಳ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಅವನು ಎಂದಿನಂತೆ "ದರಿದ್ರ" ಎಂದಾಗ ಅವಳು ಕದಲಲಿಲ್ಲ. "ಅದಲ್ಲ. ಟೀ. ಟೀ ಅಂದ್ರೆ ಮಾತ್ರ." ಅವನಿಗೆ ಅರ್ಥವಾಗಲಿಲ್ಲ. ನಿನ್ನೆಯವರೆಗೆ ನಡೆಯುತ್ತಿದ್ದ ನಾಣ್ಯ ಇವತ್ತು ಅಂಗಡಿಯಲ್ಲಿ ನಡೆಯದಿದ್ದರೆ ಮನುಷ್ಯ ಹೇಗೆ ನೋಡುತ್ತಾನೋ ಹಾಗೆ ಅವಳನ್ನು ನೋಡಿದ. ಜೋರಾಗಿ ಅಂದ. ಮೆಲ್ಲಗೆ ಅಂದ. ಇನ್ನೊಮ್ಮೆ, ಬೇಡಿಕೊಳ್ಳುವವನಂತೆ ಅಂದ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಕೊನೆಗೆ ಅವನು ಬಾಯಿ ಮುಚ್ಚಿ ಗೋಡೆಯ ಕಡೆಗೆ ಹೊರಳಿದ.

ಅಂದಿನಿಂದ ಅವಳ ಮುಂದೆ ಅವನು ಬಾಯಿ ತೆರೆಯುವುದನ್ನೇ ಬಿಟ್ಟ. "ಆ" ಎನ್ನುವುದೂ ನಿಂತಿತು, ಕೈ ತೋರಿಸುವುದೂ ನಿಂತಿತು. ಅವಳು ಶೆಲ್ಫಿನ ಮೇಲೆ ನೀರಿಟ್ಟರೆ ಕಣ್ಣು ಮುಚ್ಚಿಕೊಳ್ಳುವನು. ಇದು ಹಟ ಎಂದು ಅವಳು ತೀರ್ಮಾನಿಸಿದಳು. ಹಟದಲ್ಲಿ ತನ್ನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ ಎಂದು ಪಾಠದ ಹೊತ್ತನ್ನು ಎರಡರಷ್ಟು ಮಾಡಿದಳು. ತಿಂಗಳು ಉರುಳುತ್ತಿತ್ತು. ಟೀಚರಮ್ಮ ಬಂದಾಗಲೂ ಬ್ರೇಕಮ್ಮ ಮಂಚದ ತಲೆದೆಸೆಯಲ್ಲಿ ನಿಂತೇ ಇರುತ್ತಿದ್ದಳು, ಅವನು ಆಗಲೂ ಬಾಯಿ ಬಿಡುತ್ತಿರಲಿಲ್ಲ. ಟೀಚರಮ್ಮನ ಮುಖ ಬರಬರುತ್ತ ಸಪ್ಪಗಾಯಿತು. ಹೊತ್ತು ಮೀರಿಹೋಗುತ್ತಿದೆ, ಈ ಮನುಷ್ಯ ಇನ್ನು ಮುಂದೆ ಮಾತಾಡುವುದೇ ಇಲ್ಲವೇನೋ ಎಂಬ ಹೆದರಿಕೆ ಅವಳನ್ನು ರಸ್ತೆಯ ಮೇಲೂ ಬಿಡುತ್ತಿರಲಿಲ್ಲ.

ಆ ಹೆದರಿಕೆಯ ಬಿಸಿ ತಟ್ಟಿದ್ದು ಕಾರು ಕಲಿಯಲು ಬರುತ್ತಿದ್ದ ಔಷಧಿ ಅಂಗಡಿಯ ಹೆಂಗಸಿಗೆ. ಏರುದಾರಿಯಲ್ಲಿ ಕಾರು ನಿಲ್ಲಿಸಿ ಮತ್ತೆ ಮುಂದಕ್ಕೆ ಎಳೆಯುವ ಪಾಠ. ಆಕೆ ಕ್ಲಚ್ ಬಿಡುತ್ತಿದ್ದಂತೆ ಎಂಜಿನ್ ಆಫ್ ಆಗುತ್ತಿತ್ತು, ಕಾರು ಹಿಂದಕ್ಕೆ ಜಾರುತ್ತಿತ್ತು, ಬ್ರೇಕಮ್ಮ ತನ್ನ ಬ್ರೇಕನ್ನು ಒತ್ತಿ, "ಕಾಲಿದೆಯೋ ಕೊರಡಿದೆಯೋ" ಎನ್ನುತ್ತಿದ್ದಳು. ಹೀಗೇ ಹಲವು ಸಲ ಆಯಿತು. ಕೊನೆಗೆ ಆಕೆ ಹ್ಯಾಂಡ್‌ಬ್ರೇಕ್ ಎಳೆದು, ಬೆಲ್ಟ್ ಬಿಚ್ಚಿ, ಏರಿನ ನಡುವೆಯೇ ಇಳಿದಳು. "ಮನೆಯಲ್ಲಿ ನಮ್ಮಣ್ಣನ ಕಾರನ್ನ ಚೆನ್ನಾಗೇ ಓಡಿಸ್ತೀನಿ ಮೇಡಂ. ಇಲ್ಲಿ ಮಾತ್ರ ಬರಲ್ಲ. ಸಾಕು," ಎಂದು ಕೈಚೀಲ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟಳು. ಹಿಂದೆ ಹಾರ್ನುಗಳು ಹೊಡೆದುಕೊಳ್ಳುತ್ತಿದ್ದವು. ಬ್ರೇಕಮ್ಮ ಆಚೆ ಸೀಟಿಗೆ ಸರಿದು, ಶಾಪ ಹಾಕುತ್ತ ಕಾರನ್ನು ಸ್ಕೂಲಿಗೆ ಮುಟ್ಟಿಸಿ, ಮುಂದಿನ ಪಾಠಕ್ಕೆ ಇನ್ನೂ ಹೊತ್ತಿದೆಯೆಂದು ಮನೆಗೆ ನಡೆದಳು.

ಅದು ಕ್ಷೌರದವನು ಮನೆಗೆ ಬರುವ ದಿನ. ಅವನ ಮೇಲೆ ಅವಳಿಗೆ ಅಷ್ಟಕ್ಕಷ್ಟೇ. ಕೂದಲನ್ನು ಗುಡಿಸದೆ ಹೋಗುತ್ತಾನೆ, ಕೆನ್ನೆ ಒಂದು ಕಡೆ ಬಿಟ್ಟೇ ಬಿಡುತ್ತಾನೆ, ಬಾಯಿಗೆ ಮಾತ್ರ ಬಿಡುವಿಲ್ಲ. ಅವಳು ಮೆಟ್ಟಿಲು ಹತ್ತುವಾಗ ಅವನ ಭಾವಮೈದುನನ ಹೊಸ ಸ್ಕೂಟರಿನ ಕಥೆ ನಡೆಯುತ್ತಿತ್ತು. ಕಥೆಯ ನಡುವೆ ಇನ್ನೊಂದು ದನಿ ಬಂತು.

"ಬೇಡ."

ಅವಳು ಮೆಟ್ಟಿಲ ಮೇಲೆ ನಿಂತಳು.

"ಮೀಸೆ ಮುಟ್ಟಲ್ಲ ಬಿಡಿ ಅಣ್ಣ. ಹೂಂ, ಆ ಸ್ಕೂಟರು ಮೊದಲ ದಿನಾನೇ ಚರಂಡಿಗೆ ಹೋಯ್ತು ನೋಡಿ. ಅವನ ಹೆಂಡತಿ ಹಿಂದೆ ಕೂತಿದ್ಲು."

ನಗು. ಗಂಡನ ನಗು, ಅರ್ಧ ಬಾಯಿಯದಾದರೂ ಅವನದೇ ನಗು. ಆಮೇಲೆ, "ಸಾಕು. ಸಾಕು." ಆಮೇಲೆ ತುಸು ಜೋರಾಗಿ, ಅಡುಗೆಮನೆಗೆ ಕೇಳುವ ಹಾಗೆ, "ಅಮ್ಮ. ಟೀ."

"ಬಂದೆ ಕಣೋ," ಎಂದರು ಅತ್ತೆ ಒಳಗಿಂದ, ದಿನಾ ಕೇಳುವ ಮಾತಿಗೆ ದಿನಾ ಕೊಡುವ ಉತ್ತರದಂತೆ.

ಅವಳಿಗೆ ಮೊದಲು ಬಂದದ್ದು ಸಂತೋಷವೇ. ಮಾತಿದೆ, ಹೋಗಿಲ್ಲ. ಮರುಕ್ಷಣವೇ ಆ ಸಂತೋಷವನ್ನು ಪಕ್ಕಕ್ಕೆ ನೂಕಿಕೊಂಡು ಇನ್ನೊಂದು ಬಂತು. ತಾನು ತಿಂಗಳುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾದ ಅಕ್ಷರ ಅದು. ಅದನ್ನು ಆ ವಾಚಾಳಿಯ ಮುಂದೆ ಇಷ್ಟು ಸಲೀಸಾಗಿ ಖರ್ಚು ಮಾಡುತ್ತಿದ್ದಾನಲ್ಲ ಎಂದು ಹೊಟ್ಟೆ ಉರಿಯಿತು.

ಅವಳು ಬಾಗಿಲು ತಳ್ಳಿದಳು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದ ಗಂಡನ ನಗು ಅಲ್ಲಿಗೇ ನಿಂತಿತು. ಅವನ ಕಣ್ಣು ಅವಳ ಮುಖಕ್ಕೆ ಬರಲಿಲ್ಲ, ಸೀದಾ ಶೆಲ್ಫಿಗೆ ಹೋಯಿತು. ತುಟಿಗಳು ಬಿಗಿದುಕೊಂಡವು.

"ಬನ್ನಿ ಅಕ್ಕ," ಎಂದ ಕ್ಷೌರದವನು. "ಅಣ್ಣ ಇಷ್ಟು ಹೊತ್ತು ಒಳ್ಳೆ ಖುಷಿಯಲ್ಲಿದ್ರು."

ಅವಳು ನೇರವಾಗಿ ಅಡುಗೆಮನೆಗೆ ಹೋದಳು. ಅತ್ತೆ ಚಹಾ ಸೋಸುತ್ತಿದ್ದರು.

"ಎಷ್ಟು ದಿನದಿಂದ ಅತ್ತೆ?"

"ಏನು ಎಷ್ಟು ದಿನದಿಂದ?"

"ನಾನು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿದೀನಿ."

ಅತ್ತೆ ಸೋಸುವುದನ್ನು ಮುಗಿಸಿ, ಪಾತ್ರೆ ಕೆಳಗಿಟ್ಟರು. "ಸ್ವಲ್ಪ ದಿನ ಆಯ್ತು. ಒಂದೊಂದೇ ಪದ. ಬರುತ್ತೆ, ಹೋಗುತ್ತೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅವನ ಮುಂದೆ ಕುರ್ಚಿ ಹಾಕ್ಕೊಂಡು, ಎಲ್ಲಿ ಹೇಳಿ ನೋಡಣ ಅಂತಿದ್ದೆ. ಬಂದಿದ್ದೂ ಹೋಗ್ತಿತ್ತು."

ಅತ್ತೆಯ ಮುಖದಲ್ಲಿ ಗೆದ್ದ ಕಳೆ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅದು ಇರಲಿಲ್ಲ.

"ನಿನ್ನ ಚಪ್ಪಲಿ ಸದ್ದು ಕೇಳಿದ್ರೆ ಬಾಯಿ ಮುಚ್ಕೋತಾನೆ ಕಣೆ," ಎಂದರು ಅತ್ತೆ. "ನಿನಗೆ ಹೇಗೆ ಹೇಳೋದು ಅಂತ ನನಗೂ ಗೊತ್ತಾಗಲಿಲ್ಲ."

ಸಂಜೆ ಟೀಚರಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಸಿದಳು. ಆ ಕಡೆಯಿಂದ ಅವಳು ಕೇಳಿದಳು. "ಕೊನೆಗೆ ಕೊಟ್ಟುಬಿಡಿ ಅಂದಿದ್ನಲ್ಲ ಮೇಡಂ. ಕೊಡ್ತಿದ್ರಿ ತಾನೆ?" ಬ್ರೇಕಮ್ಮ ಶೆಲ್ಫಿನ ಕಡೆ ನೋಡಿದಳು. ಟೀಚರಮ್ಮ ಮೆತ್ತಗೆ ಹೇಳಿದಳು. "ಇರಲಿ. ಇನ್ನು ಏನೂ ಕೇಳಬೇಡಿ. ಎಲ್ಲ ಕೈಗೆ ಕೊಡಿ, ಪಕ್ಕದಲ್ಲಿ ಸುಮ್ಮನೆ ಕೂತ್ಕೊಳ್ಳಿ. ತಾನಾಗಿ ಏನಾದ್ರೂ ಬಂದ್ರೆ ತಕ್ಷಣ ಬೆಲೆ ಕೊಡಿ. ಯಾವ ಮಾತಾದ್ರೂ ಸರಿ, ನಿಮ್ಮ ಮುಂದೆ ಒಂದು ಬಂದ್ರೆ ಸಾಕು, ದಾರಿ ಬಿಡುತ್ತೆ."

ಶೆಲ್ಫು ಖಾಲಿಯಾಯಿತು. ನೀರು ಮಂಚದ ಪಕ್ಕದ ಸ್ಟೂಲಿಗೆ ಬಂತು, ಕನ್ನಡಕ ದಿಂಬಿನ ಬದಿಗೆ. ಚಹಾವನ್ನು ಅವಳು ತಾನೇ ತಂದು ಅವನ ಎಡಗೈಗೆ ಕೊಟ್ಟಳು. ಅವನು ಲೋಟ ಹಿಡಿದುಕೊಂಡ, ಕುಡಿಯಲಿಲ್ಲ. ಅವಳನ್ನೇ ಓರೆಗಣ್ಣಿನಲ್ಲಿ ನೋಡುತ್ತ, ಪರೀಕ್ಷೆ ಯಾವಾಗ ಶುರುವಾಗುತ್ತದೆಂದು ಕಾದ. "ಕುಡೀರಿ, ಏನೂ ಹೇಳೋದು ಬೇಡ," ಎಂದಳು. ಅವನು ನಂಬಲಿಲ್ಲ. ಚಹಾ ಕೈಯಲ್ಲೇ ಆರಿತು.

ಕ್ಷೌರದವನ ಹಾಗೆ ಹರಟೆ ಹೊಡೆಯೋಣವೆಂದರೆ ಅವಳಿಗೆ ಹರಟೆ ಎಲ್ಲಿ ಬರುತ್ತದೆ? ಇಷ್ಟು ವರ್ಷ ಅವನು ಹರಟಿದ್ದ, ಅವಳು ತಿದ್ದಿದ್ದಳು. ಅವಳ ಬಾಯಲ್ಲಿರುವುದೆಲ್ಲ ಎಡಕ್ಕೆ ತಿರುಗಿಸಿ, ಕನ್ನಡಿ ನೋಡಿ, ನಿಲ್ಲಿಸಿ ಎಂಬ ಮಾತುಗಳೇ. ಔಷಧಿ ಅಂಗಡಿಯವಳು ಏರಿನ ನಡುವೆ ಇಳಿದುಹೋದ ಕಥೆ ಹೇಳಿ ನೋಡಿದಳು. ಅವಳ ಬಾಯಲ್ಲಿ ಅದೂ ದೂರಿನಂತೆ ಕೇಳಿಸಿತು. ಅವನು ನಗಲಿಲ್ಲ.

ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಅವಳು ಅಡುಗೆಮನೆಯಲ್ಲಿದ್ದರೆ ಹಾಲಿನಿಂದ "ಅಮ್ಮ" ಎಂಬುದು ಪಿಸುದನಿಯಲ್ಲಿ ಕೇಳಿಸುತ್ತಿತ್ತು, ಅವಳು ಹಾಲಿಗೆ ಕಾಲಿಟ್ಟರೆ ನಿಲ್ಲುತ್ತಿತ್ತು. ಅವಳಿಗೆ ರೇಗಿಹೋಯಿತು. ತಾನು ಮಾಡಿದ್ದೆಲ್ಲ ಯಾರಿಗಾಗಿ? ಬೆಳಗಾಗೆದ್ದು ಅವನ ಮೈ ಒರೆಸಿ, ಕಾಲು ನೀವಿ, ದಿನವಿಡೀ ಊರವರ ಕಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು, ಸಂಜೆ ಬಂದು ಮತ್ತೆ ಅವನ ಮುಂದೆ ಕೂರುವವಳ ಪಾಲಿಗೆ ಮೌನ. ಕೆನ್ನೆ ಕೊಯ್ದು, ಕೂದಲು ಚೆಲ್ಲಿ ಹೋಗುವವನ ಪಾಲಿಗೆ ನಗು. ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುತ್ತದೆಯೇ, ಇನ್ನಷ್ಟು ಏರುತ್ತದೆ.

ಆ ಸಂಜೆ ಅವನ ಕೈಯಲ್ಲಿ ಲೋಟವಿತ್ತು. ಅವಳು ಪಕ್ಕದ ಕುರ್ಚಿಯಲ್ಲಿ ಕೂತು, ಹಲ್ಲು ಕಚ್ಚಿಕೊಂಡು, ಟೀಚರಮ್ಮ ಹೇಳಿದಂತೆ ಸುಮ್ಮನಿದ್ದಳು. ಹಬೆ ನಿಂತಿತು. ಕೆನೆ ಕಟ್ಟಿತು. ಅವನು ಕುಡಿಯಲಿಲ್ಲ. ಅವಳ ಸಹನೆ ಅಲ್ಲಿಗೆ ಮುಗಿಯಿತು.

"ಒಂದೇ ಒಂದು ಸಲ ಅನ್ನಿ," ಎಂದಳು. ಗದರಿಸಲಿಲ್ಲ, ಅವಳ ದನಿ ಒಡೆದಿತ್ತು. "ಟೀ ಅನ್ನಿ ಸಾಕು. ದರಿದ್ರ ಅನ್ನಿ, ಅದೂ ಆಗುತ್ತೆ. ಎಲ್ಲರ ಮುಂದೆ ಅಂತೀರಿ. ನನ್ನ ಮುಂದೆ ಒಂದು ಸಲ ಅನ್ನಿ ರೀ."

ಅವಳು ಅಂಗಲಾಚುತ್ತಿದ್ದಾಳೆಂದು ಅವನಿಗೆ ತಿಳಿಯಿತೋ ಇಲ್ಲವೋ. ಅವನ ಮಟ್ಟಿಗೆ ಪರೀಕ್ಷೆ ಕೊನೆಗೂ ಶುರುವಾಗಿತ್ತು. ಲೋಟವನ್ನು ಜೋಪಾನವಾಗಿ ಸ್ಟೂಲಿನ ಮೇಲಿಟ್ಟ. ತಿಂಗಳುಗಳ ಮೇಲೆ ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದ. ತುಟಿ ಹೊಂದಿಸಿಕೊಂಡ, ಉಸಿರು ಎಳೆದುಕೊಂಡ.

"ಹೋಗು."

ಅದರಲ್ಲಿ ಸಿಟ್ಟಿರಲಿಲ್ಲ. ಬಾಯಾರಿದವನು ನೀರು ಕೇಳಿದಷ್ಟೇ ಸಹಜವಾಗಿ ಕೇಳಿದ. ಎರಡಕ್ಷರವೂ ಒಂದಿಷ್ಟೂ ತೊದಲದೆ ಬಂದಿದ್ದವು. ಮಾತು ಬಂತು, ನನಗೇ ಬಂತು ಎಂದು ಅವಳ ಎದೆ ಹಾರಿತು. ಅದರ ಅರ್ಥ ಒಂದು ಕ್ಷಣ ತಡವಾಗಿ ಬಂದು ತಗುಲಿತು.

ಹೋಗದೆ ಕೂರಬಹುದಿತ್ತು. ಹಾಗಲ್ಲ, ಬೇರೆ ಏನಾದರೂ ಅನ್ನಿ ಎನ್ನಬಹುದಿತ್ತು. ಎಂದರೆ ಅವನಿಗೆ ಮತ್ತೊಮ್ಮೆ ಗೊತ್ತಾಗುತ್ತಿತ್ತು, ಇವಳ ಮುಂದೆ ಆಡಿದ ಮಾತು ನೀರಿನಲ್ಲಿ ಹೋಮ ಎಂದು. ಅವಳು ಎದ್ದಳು. ಮುಖವನ್ನು ಅರಳಿಸಿಕೊಂಡಳು, ಅದಕ್ಕೆ ಎಷ್ಟು ಬಲ ಬೇಕಾಯಿತೆಂದು ಅವಳಿಗೇ ಗೊತ್ತು. "ಆಯ್ತು ರೀ, ಹೋದೆ," ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮೆಟ್ಟಿಲ ಮೇಲೆ ಕೂತಿದ್ದವಳನ್ನು ಅತ್ತೆ ಹುಡುಕಿಕೊಂಡು ಬಂದರು. "ಏನಾಯ್ತೇ?"

"ಮಾತಾಡಿದ್ರು ಅತ್ತೆ. ನನ್ನ ಹತ್ತಿರಾನೇ."

"ಹೌದಾ? ಏನಂದ?"

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. ಅತ್ತೆ ಎರಡನೇ ಸಲ ಕೇಳದೆ, ಸೊಂಟ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

ಟೀಚರಮ್ಮ ಬರುವ ದಿನದ ಹೊತ್ತಿಗೆ ಅವನು ಆ ಪದವನ್ನು ಚೆನ್ನಾಗಿ ಪಳಗಿಸಿಕೊಂಡಿದ್ದ. ಬ್ರೇಕಮ್ಮ ಹತ್ತಿರ ಬಂದರೆ ಅನ್ನುತ್ತಿದ್ದ, ಅವಳು ಹೋಗುತ್ತಿದ್ದಳು, ಅವನ ಮುಖದಲ್ಲಿ ಒಂದು ಬೆರಗು ಮೂಡುತ್ತಿತ್ತು. ಅಂದು ಟೀಚರಮ್ಮ ಮಂಚದ ಪಕ್ಕ ಕೂತು ಚಿತ್ರದ ಕಾರ್ಡುಗಳನ್ನು ಹರಡುತ್ತಿದ್ದಳು. ಬ್ರೇಕಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. ಅವನು ತಲೆಯೆತ್ತಿ, ಖಣಿ ಖಣಿಯಾಗಿ, "ಹೋಗು" ಎಂದ.

ಟೀಚರಮ್ಮನ ಕಣ್ಣು ಹೊಳೆಯಿತು. "ಇಷ್ಟು ದಿನ ನೀವಿದ್ದಾಗ ಒಂದು ಸದ್ದೂ ಇರಲಿಲ್ಲ. ಈಗ ನಿಮ್ಮನ್ನ ನೋಡಿ, ನಿಮಗೇ ಹೇಳ್ತಿದಾರೆ. ಎಷ್ಟು ಸ್ಪಷ್ಟವಾಗಿದೆ ನೋಡಿ." ಅವಳು ಖುಷಿಯಲ್ಲಿ ಬ್ರೇಕಮ್ಮನ ಮುಖವನ್ನು ಗಮನಿಸಲೇ ಇಲ್ಲ. "ಯಾಕೆ ನಿಂತಿದ್ದೀರಿ ಮೇಡಂ, ಹೋಗಿ. ತಡ ಮಾಡಬೇಡಿ, ಕೇಳಿದ್ದು ಆಗಲೇ ಸಿಗಬೇಕು."

ಬ್ರೇಕಮ್ಮ ನಗುಮುಖ ಮಾಡಿಕೊಂಡೇ ಹೊರಟಳು. ಹಿಂದಿನಿಂದ ಅವನು ಇನ್ನೊಂದು ಪದಕ್ಕೆ ಉಸಿರೆಳೆದುಕೊಳ್ಳುವುದು ಕೇಳಿಸಿತು. ಅದು ಏನೆಂದು ತಿಳಿಯಲು ಜೀವ ಹೋಗುವಷ್ಟು ಆಸೆಯಿತ್ತು. ಆದರೆ ಬಾಗಿಲ ಹಿಂದೆ ನಿಂತು ಕೇಳಿದರೆ ಹೋದ ಹಾಗಾಗುವುದಿಲ್ಲ. ಅವಳು ಮೆಟ್ಟಿಲಿಳಿದು ಬೀದಿಗೆ ಬಂದು, ಅವನ ದನಿ ಕೇಳಿಸದಷ್ಟು ದೂರ ನಡೆದಳು.